ಮಂಜೇಶ್ವರದಲ್ಲಿ ಕನ್ನಡ ಅರ್ಥವಾಗುತ್ತದಾ ಎಂದು ಕೇಳಿದ ಗೆಳೆಯನಿಗೆ

ಮಾರಾಯ, ಮೊದಲು ನಿನ್ನ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಅರ್ಥವಾಗುತ್ತದೆ. ಕೇರಳದ ಉತ್ತರ ತುದಿಯಲ್ಲಿರುವ ನಮ್ಮ ಮಂಜೇಶ್ವರದ ಬಂದರಿನ ಬದಿಯಲ್ಲಿ ಒಂದು ಸುತ್ತು ಹಾಕಲಿಕ್ಕೆ ನಿನಗೆ ಮಲೆಯಾಳ ಬರಲೇಬೇಕೆಂದಿಲ್ಲ. ಗೋವಿಂದ ಪೈಗಳು ಬದುಕಿ ಬರೆದ ಊರು ಇದು. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಾಗ ನಾವು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನವರು. ನೀವು ರಾಜ್ಯೋತ್ಸವ ಮಾಡುತ್ತೀರಲ್ಲ, 1956ರ ಆ ನವೆಂಬರ್ 1ರಂದೇ ನಮ್ಮನ್ನು ಕೇರಳಕ್ಕೆ ಸೇರಿಸಿದ್ದು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕನ್ನಡದ ರಾಜ್ಯಕ್ಕೆ ಹೋಗಬೇಕು ಎಂದು ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಹೇಳಿದ್ದು ವರದಿಯಲ್ಲೇ ಉಳಿಯಿತು.

ಬರುವುದಾದರೆ ಬೆಳಗ್ಗೆ ಬೇಗ ಬಾ. ರೈಲಿಳಿದು ಪಡುವಣಕ್ಕೆ ಹೊರಟರೆ ಕಡಲು ದೂರವಿಲ್ಲ. ಬಂದರು ಹೊಸತು, 2020ರಲ್ಲಿ ಉದ್ಘಾಟನೆಯಾದದ್ದು. ಹೊಳೆ ಕಡಲು ಸೇರುವ ಅಳಿವೆಬಾಗಿಲಿನ ಎರಡೂ ಬದಿಗೆ ಕಲ್ಲಿನ ತಡೆಗೋಡೆ ಉಂಟು. ದೋಣಿ ಒಳಗೆ ಬಂದು ಕಟ್ಟುವಷ್ಟರಲ್ಲಿ ಏಲಂ ಶುರುವಾಗಿರುತ್ತದೆ. ಬಂಗುಡೆ, ಬೂತಾಯಿ ಬುಟ್ಟಿ ಬುಟ್ಟಿಯಾಗಿ ನೆಲಕ್ಕೆ ಇಳಿಯುತ್ತವೆ. ಬೆಲೆ ಕೂಗುವವನು ಮಲೆಯಾಳದಲ್ಲಿ ಕೂಗಿದರೆ ಕೊಳ್ಳುವವನು ಬ್ಯಾರಿಯಲ್ಲಿ ಚೌಕಾಸಿ ಮಾಡುತ್ತಾನೆ, ಪಕ್ಕದಲ್ಲಿ ಐಸ್ ಒಡೆಯುವವನು ತುಳುವಿನಲ್ಲಿ ಬೈಯುತ್ತಾನೆ. ಮೀನು ಕೊಂಡ ಹೆಂಗಸು ಲೆಕ್ಕದ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾಳೆ. ಯಾರಿಗೂ ಯಾರ ಮಾತೂ ತಿಳಿಯದೆ ಹೋಗುವುದಿಲ್ಲ.

ಗಡಿ ನಿನಗೆ ಕಣ್ಣಿಗೆ ಕಾಣಬೇಕೆಂದಿದ್ದರೆ ಜೂನ್ ಮೊದಲ ವಾರ ಬಾ. ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದಲೇ ಮಳೆಗಾಲದ ಮೀನುಗಾರಿಕೆ ನಿಷೇಧ, 61 ದಿನ. ಕೇರಳದಲ್ಲಿ ಟ್ರಾಲಿಂಗ್ ನಿಲ್ಲುವುದು ಜೂನ್ 9ರ ಮಧ್ಯರಾತ್ರಿಗೆ, 52 ದಿನ. ಉಳ್ಳಾಲದ ಬೋಟು ದಡ ಸೇರಿದ ಮೇಲೂ ನಮ್ಮವರಿಗೆ ಕಡಲಿಗಿಳಿಯುವ ಹಕ್ಕುಂಟು. ಅದೇ ನೀರು, ಅದೇ ಮೀನು. ಗೆರೆ ತಿಳಿಯದೆ ಆಚೆ ಹೋದ ಬೋಟಿನವರು ದಂಡ ಕಟ್ಟಬೇಕು.

ಇಷ್ಟನ್ನು ನಾವು ನುಂಗಿಕೊಂಡು ಬದುಕುತ್ತೇವೆ. ನುಂಗಲಾಗದ್ದು ಒಂದೇ. ಇಲ್ಲಿ ಮಾತಿಗೆ ತೊಂದರೆಯಿಲ್ಲ, ತೊಂದರೆ ಇರುವುದು ಓದಿಗೆ. ನಮ್ಮ ಹಿರಿಯ ಮೀನುಗಾರರು ಕನ್ನಡ ಶಾಲೆಯಲ್ಲಿ ನಾಲ್ಕೈದು ಕ್ಲಾಸು ಕಲಿತವರು. ಮಲೆಯಾಳದಲ್ಲಿ ಜಗಳವಾಡಬಲ್ಲರು, ಸಂಬಂಧ ಕುದುರಿಸಬಲ್ಲರು, ಆದರೆ ಅದರ ಅಕ್ಷರ ಓದಲು ಬರುವುದಿಲ್ಲ. ಕ್ಷೇಮನಿಧಿಯ ಅರ್ಜಿ, ಸೀಮೆಎಣ್ಣೆಯ ಪರ್ಮಿಟ್, ದೋಣಿಯ ಲೈಸೆನ್ಸ್, ಬಲೆ ಹಾಳಾದದ್ದಕ್ಕೆ ಪರಿಹಾರ ಎಲ್ಲವೂ ಅವರ ಕೈಗೆ ಬರುವುದು ಮಲೆಯಾಳದಲ್ಲಿ. ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿಯದೆ ಸಹಿ ಹಾಕುತ್ತಾರೆ.

ಅದಕ್ಕಿಂತ ಹೆದರಿಕೆಯ ಸಂಗತಿ ಇನ್ನೊಂದುಂಟು. ಕಳೆದ ಮಳೆಗಾಲ ಶುರುವಾಗುವ ಮುಂಚೆ ದೋಣಿ ನಡೆಸುವ ಒಬ್ಬರು ತಂಡೇಲರು ಬಲೆಯ ಹರುಕು ಹೆಣೆಯುತ್ತ ಕೂತಿದ್ದರು. ಫೋನಿಗೆ ಗಾಳಿಯ ಎಚ್ಚರಿಕೆ ಬಂತು. ಅವರು ಕನ್ನಡಕ ಏರಿಸಿ ನೋಡಿದರು. 40, 50 ಎಂಬ ಅಂಕೆಗಳು ಅವರಿಗೆ ತಿಳಿದವು. ಅದು ಗಾಳಿಯ ವೇಗವೋ, ದಡದಿಂದ ಇರುವ ದೂರವೋ ಗೊತ್ತಾಗಲಿಲ್ಲ. ತಾರೀಕೂ ಇತ್ತು. ಅಂದಿನವರೆಗೆ ಹೋಗಬಾರದೋ, ಅಂದಿನಿಂದ ಹೋಗಬಾರದೋ ಎಂಬುದು ಅಕ್ಷರದಲ್ಲಿತ್ತು. ಫೋನನ್ನು ನನ್ನ ಕೈಗೆ ಕೊಟ್ಟು, "ನಾಳೆಯಾ ನಾಡಿದ್ದಾ, ಅಷ್ಟು ಹೇಳು ಸಾಕು" ಎಂದರು. ಓದಿ ಹೇಳಿದೆ. ಓದಿ ಹೇಳುವವರು ಹತ್ತಿರ ಇಲ್ಲದ ಮನೆಗಳು ಈ ದಡದಲ್ಲಿ ಎಷ್ಟೋ ಇವೆ. ಅಂಥ ದಿನ ಕಡಲಿಗೆ ಹೋದವನಿಗೆ ಏನಾಗಬಹುದೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

"ಹಾಗಾದರೆ ಮಲೆಯಾಳ ಕಲಿತರಾಯ್ತಲ್ಲ" ಅಂದೆಯಲ್ಲ. ನಾನು ಕಲಿತಿದ್ದೇನೆ, ನಮ್ಮ ಮಕ್ಕಳೂ ಕಲಿಯುತ್ತಿದ್ದಾರೆ, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಮಲೆಯಾಳಿಗಳ ಮೇಲೆ ಸಿಟ್ಟೂ ಇಲ್ಲ. ಕಡಲಲ್ಲಿ ಇಂಜಿನ್ ಕೈಕೊಟ್ಟಾಗ ಹಗ್ಗ ಎಸೆಯುವವರು ಅವರೇ. ಆದರೆ ನಲವತ್ತು ವರ್ಷ ಬಲೆ ಎಳೆದ ಮನುಷ್ಯನನ್ನು ಈಗ ಅಕ್ಷರಮಾಲೆಯ ಮುಂದೆ ಕೂರಿಸುವ ಅಗತ್ಯವೇನು? ಇಲ್ಲಿ ಕನ್ನಡ ಬೇಡುವುದು ಭಿಕ್ಷೆಯಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾನೂನಿಗೆ 1973ರಲ್ಲಿ ತಿದ್ದುಪಡಿ ಆಗಿ, ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕು ಎಂದಾಗಿದೆ. ನಾವು ಕನ್ನಡದಲ್ಲಿ ಬರೆದುಕೊಟ್ಟ ಅರ್ಜಿಯನ್ನು ಒಂದು ಕಚೇರಿಯಲ್ಲಿ ತೆಗೆದುಕೊಂಡರು, ಸೀಲೂ ಹಾಕಿದರು. ಉತ್ತರ ಬಂದದ್ದು ಮಲೆಯಾಳದಲ್ಲಿ. ಅಲ್ಲಿ ಕೂತ ಗುಮಾಸ್ತನಿಗೆ ಕನ್ನಡ ಬರುವುದಿಲ್ಲ, ತೆಂಕಿನ ಜಿಲ್ಲೆಯಿಂದ ವರ್ಗವಾಗಿ ಬಂದವನು. ಅವನನ್ನು ದೂರಿ ಪ್ರಯೋಜನವಿಲ್ಲ. ಕನ್ನಡ ಬಲ್ಲವರಿಗೆಂದು ಇರುವ ಹುದ್ದೆಯಲ್ಲಿ ಕನ್ನಡ ಬಲ್ಲವರನ್ನೇ ಕೂರಿಸಿ ಎಂದು ಇಲ್ಲಿನವರು ಕೂಗುತ್ತಲೇ ಬಂದಿದ್ದಾರೆ.

ಇನ್ನು ನಿಮ್ಮ ಕಡೆಯ ಮಾತು. ಬಂದರು ಉದ್ಘಾಟನೆಯಾದ ವರ್ಷವೇ, 2020ರ ಮಾರ್ಚಿನ ಕೊರೊನಾ ಲಾಕ್‌ಡೌನಿನಲ್ಲಿ, ಕರ್ನಾಟಕಕ್ಕೆ ಹೋಗುವ ನಮ್ಮ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದರು. ಕಾಯಿಲೆ ಎಂದರೆ ಮಂಗಳೂರಿಗೇ ಓಡುವ ಊರು ನಮ್ಮದು. ಗಡಿಯ ತಲಪಾಡಿ ದಾಟಲಾಗದೆ, ಆಸ್ಪತ್ರೆ ಸೇರಲಾಗದೆ ಸತ್ತವರಿದ್ದಾರೆ. ಅಂದು ನಾವು ನಿಮಗೆ ಕೇರಳದವರಾದೆವು. ನವೆಂಬರಿನಲ್ಲಿ ಮಾತ್ರ ಗಡಿನಾಡ ಕನ್ನಡಿಗರಾಗುತ್ತೇವೆ. ಇದು ನಮಗೆ ನೋಯುತ್ತದೆ, ಅದನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ.

ಈ ಸಲದ ಅರ್ಜಿಯಲ್ಲಿ ಕಾನೂನಿನ ಹೆಸರು, ವರ್ಷ ಎರಡನ್ನೂ ಎಲ್ಲಕ್ಕಿಂತ ಮೇಲೆಯೇ ಬರೆದಿದ್ದೇವೆ. ಹವಾಮಾನದ ಎಚ್ಚರಿಕೆ ಕನ್ನಡದಲ್ಲೂ ಬರಬೇಕು ಎಂಬುದು ಮೊದಲ ಬೇಡಿಕೆ. ನೀನು ಬರುವಾಗ ಪೇಪರಿನಲ್ಲಿ ಕೆಲಸ ಮಾಡುವ ನಿನ್ನ ಆ ಸ್ನೇಹಿತನನ್ನೂ ಕರೆದುಕೊಂಡು ಬಾ. ಫೋನಿಗೆ ಬಂದ ಸಂದೇಶಗಳನ್ನೆಲ್ಲ ತೆಗೆದಿಟ್ಟಿದ್ದೇನೆ, ಅವನಿಗೆ ತೋರಿಸಬೇಕು.