40ನೇ ವರ್ಷಕ್ಕೆ ಮಾಣಿಕ್ಯವೇ ಆಗಬೇಕಾ?

ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುತ್ತಿದೆ, ಮದುವೆಯ ಯಾವ ವರ್ಷಕ್ಕೆ ಯಾವ ಉಡುಗೊರೆ ಎನ್ನುವ ಪಟ್ಟಿಯಲ್ಲಿ 40ಕ್ಕೆ ಮಾಣಿಕ್ಯ ಅಂತಿದೆ, ಅಮ್ಮನಿಗೆ ಉಂಗುರ ಮಾಡಿಸಲಾ ಎಂದು ಕೇಳಿದ್ದೀರಿ. ಮಾಡಿಸಬಹುದು. ಆದರೆ ಮೊದಲು ಅಮ್ಮನ ಬೆರಳಿನ ಗೆಣ್ಣು ನೋಡಿ. ವಯಸ್ಸಾದ ಮೇಲೆ ಎಷ್ಟೋ ಜನಕ್ಕೆ ಗೆಣ್ಣು ದಪ್ಪ ಆಗುತ್ತದೆ, ಬೆರಳಿನ ಬುಡ ಸಣ್ಣದೇ ಇರುತ್ತದೆ. ಉಂಗುರ ಗೆಣ್ಣು ದಾಟುವುದೇ ಕಷ್ಟ. ದಾಟಿತೋ, ಬುಡದಲ್ಲಿ ಗಿರಗಿರ ತಿರುಗುತ್ತದೆ. ಹಳೇ ಉಂಗುರದ ಅಳತೆ ಕೊಟ್ಟು ಮಾಡಿಸಿ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಅದಕ್ಕಿಂತ ಪದಕ ವಾಸಿ. ಸರದ ಕೊಂಡಿ ಮಾತ್ರ ಕೈಗೆ ಸಿಗುವಷ್ಟು ದೊಡ್ಡದಿರಲಿ. ಅಯಸ್ಕಾಂತದ ಕೊಂಡಿ ಹಾಕಲು ಸುಲಭ, ನಿಜ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಅದು ಬೇಡವೇ ಬೇಡ.

ಪಟ್ಟಿಗೆ ಅಷ್ಟೊಂದು ಹೆದರಬೇಡಿ. 25ಕ್ಕೆ ಬೆಳ್ಳಿ, 50ಕ್ಕೆ ಚಿನ್ನ ಹಳೆಯವು. ವರ್ಷಕ್ಕೊಂದು ವಸ್ತು ಎನ್ನುವ ಉದ್ದದ ಪಟ್ಟಿ ಹರಡಿದ್ದು 1937ರಲ್ಲಿ, ಅಮೆರಿಕದ ಆಭರಣ ವ್ಯಾಪಾರಿಗಳ ಸಂಘದಿಂದ. ಯಾರಿಗೆ ಲಾಭ ಅಂತ ಹೇಳಬೇಕಾಗಿಲ್ಲ ಅಲ್ವಾ! ವಜ್ರ ಮೊದಲು 75ಕ್ಕಿತ್ತು. 1897ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60ನೇ ವರ್ಷವನ್ನು ವಜ್ರ ಮಹೋತ್ಸವ ಅಂತ ಆಚರಿಸಿದ ಮೇಲೆ 60ಕ್ಕೂ ಅದೇ ಬಂತು. ಹೊಸ ಪಟ್ಟಿಯಲ್ಲಂತೂ 30ಕ್ಕೆ ಮುತ್ತಿನ ಬದಲು ವಜ್ರ, 35ಕ್ಕೆ ಹವಳದ ಬದಲು ಜೇಡ್ ಎನ್ನುವ ಹಸಿರು ಕಲ್ಲು. ಮಾಣಿಕ್ಯ ಎರಡರಲ್ಲೂ ಇದೆ.

ಕಲ್ಲೇ ಬೇಕೆಂದರೆ ಮಾಣಿಕ್ಯ, 45ನೇ ವರ್ಷದ ನೀಲ, ಎರಡೂ ದಿನಾ ಹಾಕಲು ಗಟ್ಟಿ. ಎರಡೂ ಒಂದೇ ಖನಿಜ, ಬಣ್ಣ ಬೇರೆ ಅಷ್ಟೇ. ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ ಇವುಗಳ ಗಡಸುತನ 9. ಆದರೆ ಬಿರುಕಿಗೆ ಸೀಸದ ಗಾಜು ತುಂಬಿದ ಮಾಣಿಕ್ಯ ಜಾಸ್ತಿ ಮಾರಾಟಕ್ಕಿದೆ. ನಿಂಬೆರಸ ತಗುಲಿದರೂ ಆ ಗಾಜು ಹಾಳಾಗುತ್ತದೆ. ತುಂಬಿಸಿದ್ದಾ ಅಂತ ನೇರವಾಗಿ ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. 55ರ ಪಚ್ಚೆಗೆ ಸಾಮಾನ್ಯವಾಗಿ ಎಣ್ಣೆ ಕುಡಿಸಿರುತ್ತಾರೆ, ಅದನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸಬಾರದು. ಮುತ್ತು ಮೆತ್ತಗಿನದು. ಸೆಂಟು, ಪೌಡರ್ ಎಲ್ಲ ಮುಗಿದ ಮೇಲೆ ಹಾಕಿಕೊಳ್ಳಬೇಕು.

ನನ್ನನ್ನು ಕೇಳಿದರೆ, ಕೆಂಪು ರಟ್ಟಿನ ಆಲ್ಬಮ್ಮೇ ಸಾಕು. ಮದುವೆಯ ಹಳೇ ಫೋಟೋಗಳನ್ನು 600 ಡಿಪಿಐನಲ್ಲಿ (ಸ್ಕ್ಯಾನ್ ಎಷ್ಟು ಸ್ಪಷ್ಟ ಎನ್ನುವ ಅಳತೆ) ಸ್ಕ್ಯಾನ್ ಮಾಡಿಸಿ. ಇಬ್ಬರನ್ನೂ ಕೂರಿಸಿಕೊಂಡು ಫೋಟೋದಲ್ಲಿ ಯಾರು ಯಾರು ಅಂತ ಕೇಳಿ, ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಈ ಕೆಲಸಕ್ಕೆ ಒಂದು ತಿಂಗಳಾದರೂ ಬೇಕು, ಇವತ್ತೇ ಶುರು ಮಾಡಿ.

ಅಂದಹಾಗೆ, ನಿಮ್ಮ ಪ್ರಶ್ನೆಯಲ್ಲಿ ಅಪ್ಪನಿಗೆ ಏನೂ ಇಲ್ವಲ್ಲ! ನಿಂತುಹೋದ ಹಳೇ ಗಡಿಯಾರ ಇದ್ದರೆ ರಿಪೇರಿ ಮಾಡಿಸಿ, ಹೊಸ ಬೆಲ್ಟ್ ಹಾಕಿಸಿ ಕೊಡಿ.