ಸಮತಟ್ಟಾದ ಮೇಜಿನ ಮೇಲೆ ‘ಇಳಿಜಾರು’ ಎಲ್ಲಿಂದ ಬಂತು?

ತ್ಸೆಲ್ಟಾಲ್ ಎಂಬ ಮಾಯಾ ಭಾಷೆ ಮಾತಾಡುವವರು ಸಮತಟ್ಟಾದ ಮೇಜಿನ ಮೇಲೂ ‘ಬಾಟಲಿ ಬಟ್ಟಲಿನ ಇಳಿಜಾರಿಗಿದೆ’ ಅನ್ನುತ್ತಾರಂತೆ, ಇದಕ್ಕೇನರ್ಥ ಎಂದು ಕೇಳಿದ್ದೀರಿ. ಅರ್ಥ ಅವರ ಊರಿನ ನೆಲದಿಂದ ಬರುತ್ತದೆ. ಮೆಕ್ಸಿಕೊದ ಚಿಯಾಪಾಸ್ ರಾಜ್ಯದ ತೆನೆಹಾಪಾದಲ್ಲಿ ನೆಲ ಒಟ್ಟಾರೆ ದಕ್ಷಿಣಕ್ಕೆ ಎತ್ತರ, ಉತ್ತರಕ್ಕೆ ತಗ್ಗು. ಹಾಗಾಗಿ ‘ಅಲಾನ್’, ಅಂದರೆ ತಗ್ಗಿನ ಕಡೆ, ಹೆಚ್ಚುಕಡಿಮೆ ಉತ್ತರವೇ ಆಗಿಬಿಟ್ಟಿದೆ. ಇಳಿಜಾರು ಕಣ್ಣಿಗೇ ಬೀಳದ ಮನೆಯೊಳಗೂ ಇದೇ ಲೆಕ್ಕ. ನಾವೂ ‘ಘಟ್ಟದ ಕೆಳಗೆ’ ಅನ್ನುತ್ತೇವೆ ನಿಜ, ಆದರೆ ಲೋಟದ ಜಾಗ ಹೇಳಲು ಅದನ್ನು ಬಳಸುವುದಿಲ್ಲ. ಎಡಗೈ, ಬಲಗೈಗೆ ಅವರಲ್ಲಿ ಪದಗಳಿವೆ. ‘ಮರದ ಎಡಕ್ಕೆ’ ಎನ್ನುವ ಬಳಕೆ ಮಾತ್ರ ಇಲ್ಲ. ಭಾಷಾ ಸಂಶೋಧಕರಾದ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1990ರ ದಶಕದಲ್ಲಿ ಇದನ್ನು ವಿವರವಾಗಿ ಬರೆದರು.

ಇದರಲ್ಲಿ ನನಗೆ ತುಂಬ ಇಷ್ಟವಾಗುವುದು ಒಂದೇ ಸಂಗತಿ: ಬಾಟಲಿ ಎಲ್ಲಿದೆ ಎಂದು ಹೇಳಬೇಕಾದರೂ ಮಾತಾಡುವವರಿಗೆ ಇಡೀ ಕಣಿವೆ ಮನಸ್ಸಿನಲ್ಲಿರಬೇಕು. ‘ಅಲಾನ್’ಗೆ ನಿಘಂಟಿನಲ್ಲಿ ಬರೀ ‘ಕೆಳಗೆ’ ಎಂದು ಕೊಟ್ಟರೆ ಅರ್ಧ ಅರ್ಥ ಕಳೆದುಹೋಗುತ್ತದೆ.

ಮುಂದೆ ಓದುವುದಿದ್ದರೆ ಈ ಭಾಷೆಯಲ್ಲಿ ‘ತಿನ್ನು’ ಎನ್ನಲು ಇರುವ ಬೇರೆ ಬೇರೆ ಕ್ರಿಯಾಪದಗಳನ್ನು ನೋಡಿ. ಮೆಕ್ಕೆಜೋಳದ ರೊಟ್ಟಿಗೆ ‘ವೆ’, ಮಾಂಸಕ್ಕೆ ‘ತಿ’, ಬಾಳೆಹಣ್ಣಿನಂಥ ಮೆತ್ತನೆಯದಕ್ಕೆ ‘ಲೊ’. ಕ್ರಿಯಾಪದ ಕೇಳಿದರೇ ತಟ್ಟೆಯಲ್ಲೇನಿದೆ ಎಂದು ಊಹಿಸಬಹುದು.