ಮಳೆಗಾಲದಲ್ಲಿ ಚದುರುವ ಗುಂಡುಗಳು: ಮೊದಲು ಸ್ಟಾಕ್ ನೋಡಿ

ಮಾನ್ಯರೇ, ಬೇಸಿಗೆಯಲ್ಲಿ 50 ಮೀಟರಿಗೆ ಒತ್ತಾಗಿ ಬೀಳುತ್ತಿದ್ದ ತಮ್ಮ .22 ಬೋಲ್ಟ್ ಆಕ್ಷನ್ ಟಾರ್ಗೆಟ್ ರೈಫಲ್‌ನ ಗುಂಡುಗಳು ತೀರ್ಥಹಳ್ಳಿಯ ಮಳೆಗಾಲದಲ್ಲಿ ಚದುರುತ್ತಿವೆ, ಬ್ಯಾರೆಲ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಅದಕ್ಕೆ ಹಣ ಸುರಿಯುವ ಮುನ್ನ ಮರದ ಸ್ಟಾಕನ್ನು, ಅಂದರೆ ಬ್ಯಾರೆಲ್ ಕೂರಿಸಿದ ಮರದ ಹಿಡಿಯನ್ನು, ಪರೀಕ್ಷಿಸಿ ಎಂಬುದು ನನ್ನ ಖಚಿತ ಸಲಹೆ. ನಮ್ಮ ಮಲೆನಾಡಿನ ಮಳೆಯಲ್ಲಿ ಮನೆಯ ಬಾಗಿಲುಗಳೇ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಸ್ಟಾಕ್‌ನ ಮರವೂ ಹಾಗೆಯೇ ತೇವ ಹೀರಿ ಬ್ಯಾರೆಲ್ಲಿಗೆ ಒತ್ತಿಕೊಂಡರೆ, ಗುಂಡು ಹಾರುವಾಗಿನ ಕಂಪನ ಒಂದೊಂದು ಸಲಕ್ಕೆ ಒಂದೊಂದು ಬಗೆಯಾಗಿ ಗುರಿ ಕೆಡುತ್ತದೆ. ಗುಂಡು ಕೂರುವ ಚೇಂಬರ್ ಖಾಲಿಯಿರುವುದನ್ನು ಕಣ್ಣಾರೆ ನೋಡಿಕೊಂಡು, ತೆಳುವಾದ ಕಾಗದದ ಪಟ್ಟಿಯೊಂದನ್ನು ಬ್ಯಾರೆಲ್ಲಿನ ಕೆಳಗೆ ತೂರಿಸಿ ತುದಿಯಿಂದ ಆಕ್ಷನ್ (ಗುಂಡು ತುಂಬಿ ಹಾರಿಸುವ ಯಂತ್ರಭಾಗ) ಕಡೆಗೆ ಎಳೆಯುತ್ತ ಬನ್ನಿ. ಬ್ಯಾರೆಲ್ ಎಲ್ಲಿಯೂ ತಾಗದಂತೆ ಕೂರಿಸಿದ ರೈಫಲ್ ಆಗಿದ್ದರೆ, ಕಾಗದ ಸಿಕ್ಕಿಕೊಂಡಲ್ಲೇ ತೊಂದರೆಯಿದೆ.

ಆಕ್ಷನ್ ಸ್ಕ್ರೂಗಳನ್ನು ತಯಾರಕರು ಸೂಚಿಸಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಮರ ಕೆರೆಯುವ, ಬೆಡ್ಡಿಂಗ್ ಮಾಡುವ (ಆಕ್ಷನ್ ಅಲುಗದಂತೆ ಸ್ಟಾಕಿನಲ್ಲಿ ಕೂರಿಸುವ) ಕೆಲಸವನ್ನು ಪರವಾನಗಿಯಿರುವ ಕೋವಿ ರಿಪೇರಿಯವರಿಗೆ ಬಿಡುವುದು ಒಳ್ಳೆಯದು.

ಬಳಿಕ ಅಧಿಕೃತ ರೇಂಜಿನಲ್ಲಿ, ಮರಳಿನ ಚೀಲದ ಆಧಾರದ ಮೇಲೆ, ಒಂದೇ ಲಾಟಿನ (ಒಟ್ಟಿಗೆ ತಯಾರಾದ) ಗುಂಡುಗಳಿಂದ ಪರೀಕ್ಷಿಸಿ. ಬೇರೆ ಬಗೆಯ ಗುಂಡಿಗೆ ಬದಲಾದಾಗ ಅದಕ್ಕೆ ಸವರಿರುವ ಮೇಣ ಬ್ಯಾರೆಲ್ಲಿನೊಳಗೆ ಹದವಾಗಿ ಹರಡುವವರೆಗಿನ ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಐದು ಗುಂಡುಗಳ ಒಂದು ಚೆಂದದ ಗುಂಪು ಅದೃಷ್ಟದಿಂದಲೂ ಬರಬಹುದಾದ್ದರಿಂದ, ಹತ್ತು ಗುಂಡುಗಳ ಹಲವು ಗುಂಪುಗಳ ಅಗಲ ಅಳೆದು ಸರಾಸರಿ ತೆಗೆಯಿರಿ. ಅಂತರರಾಷ್ಟ್ರೀಯ ಸ್ಪರ್ಧೆಯ 50 ಮೀಟರ್ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ. ಮಾತ್ರ, ತಮ್ಮ ಸರಾಸರಿಯನ್ನು ಅದರೊಡನೆ ಹೋಲಿಸಿ ನೋಡಿದ ಮೇಲಷ್ಟೇ ಬ್ಯಾರೆಲ್ಲಿನ ಮಾತು.